ಹಾವೇರಿ ಹತ್ತಿಯ ಮಿರಿಡ್ ತಿಗಣೆ ಯಾವ ಕುಲದ್ದು?

ಹಾವೇರಿ ಕಡೆ ಹತ್ತಿ ಬೆಳೆಯುವವರಿಗೆ ಮಿರಿಡ್ ತಿಗಣೆಯನ್ನು ಪರಿಚಯಿಸಬೇಕಿಲ್ಲ. ಮೊಗ್ಗು ಹಿಡಿಯುವ ಹೊತ್ತಿಗೆ ಗಿಡ ಅಲ್ಲಾಡಿಸಿದರೆ ಪುರ್ ಅಂತ ಹಾರುತ್ತದೆ. ಮರಿಗಳು ಮೊಗ್ಗನ್ನು ಸುತ್ತಿದ ಎಲೆಗಳ ಸಂದಿಯಲ್ಲಿ ಅಡಗಿರುತ್ತವೆ. ರಸ ಹೀರಿದರೆ ಎಳೆ ಮೊಗ್ಗು ಉದುರುತ್ತದೆ. ಉಳಿದ ಕಾಯಿ ಗಿಣಿಯ ಕೊಕ್ಕಿನ ಹಾಗೆ ಸೊಟ್ಟಗಾಗುತ್ತದೆ.

ಗಿಡದೊಳಗೇ ಕೀಟದ ವಿಷ ತಯಾರಾಗುವ ಬಿಟಿ ಹತ್ತಿಗೆ ನಮ್ಮ ದೇಶದಲ್ಲಿ 2002ರಲ್ಲಿ ಅನುಮತಿ ಸಿಕ್ಕಿತು. ಅದರ ವಿಷ ಕಾಯಿಕೊರಕಕ್ಕೆ ಮಾತ್ರ, ರಸ ಹೀರುವ ತಿಗಣೆಗೆ ಏನೂ ಆಗುವುದಿಲ್ಲ. ಕಾಯಿಕೊರಕಕ್ಕೆಂದು ಹೊಡೆಯುತ್ತಿದ್ದ ಔಷಧಿಯೂ ಕಡಿಮೆಯಾಯಿತು. ಕೆಲವೇ ವರ್ಷಗಳಲ್ಲಿ ಹಾವೇರಿ, ಧಾರವಾಡದ ಹೊಲಗಳಲ್ಲಿ ಈ ತಿಗಣೆ ಜಾಸ್ತಿಯಾಯಿತು.

ಆಗ ಕೃಷಿ ವಿಜ್ಞಾನಿಗಳು ಬರೆದ ಹೆಸರು ಕ್ರಿಯಾಂಟಿಯಾಡೀಸ್ ಬೈಸೆರಾಟೆನ್ಸ್. ಮೊದಲ ಪದ ಕುಲ, ಅಂದರೆ ಹತ್ತಿರದ ಪ್ರಭೇದಗಳ ಗುಂಪು; ಎರಡನೆಯದು ಪ್ರಭೇದ. ಅದರ ಮುಂದೆ ಕಂಸದಲ್ಲಿ ಡಿಸ್ಟಂಟ್ ಅಂತ ಇರುತ್ತದೆ. ಈ ಹುಳವನ್ನು ಮೊದಲು ವಿವರಿಸಿದ ಬ್ರಿಟಿಷ್ ಕೀಟತಜ್ಞರ ಹೆಸರದು. ಕಂಸವನ್ನು ಸುಮ್ನೆ ಹಾಕಿಲ್ಲ. ಅವರು ಸೇರಿಸಿದ ಕುಲದಿಂದ ಹುಳವನ್ನು ಆಮೇಲೆ ಬೇರೆ ಕುಲಕ್ಕೆ ಕಳಿಸಲಾಗಿದೆ ಅಂತ ಅದರ ಅರ್ಥ. ಈಗ ಅಲ್ಲಿಂದಲೂ ಎದ್ದಿದೆ. ಈಚಿನ ಬರಹಗಳಲ್ಲಿ ಇದರ ಕುಲ ಪಾಪ್ಪಿಯೊಕ್ಯಾಪ್ಸಿಡಿಯಾ.

ಇಷ್ಟು ಅಲೆದಾಟ ಯಾಕೆ? ಮಿರಿಡ್ ಕುಟುಂಬದಲ್ಲಿ 11,000ಕ್ಕೂ ಹೆಚ್ಚು ಪ್ರಭೇದಗಳಿವೆ. ಕುಟುಂಬವನ್ನು ಗುರುತಿಸುವುದು ಅಷ್ಟು ಕಷ್ಟವಲ್ಲ. ಭೂತಗನ್ನಡಿ ಹಿಡಿದು ಮುಂದಿನ ರೆಕ್ಕೆ ನೋಡಿ. ಅದರ ಗಟ್ಟಿ ಭಾಗ ಮುಗಿಯುವಲ್ಲಿ ಒಂದು ಮಡಿಕೆ, ಅದರಾಚೆ ಪುಟ್ಟ ತ್ರಿಕೋನ, ಆಮೇಲೆ ತೆಳು ಪೊರೆ. ಆ ಮಡಿಕೆಯ ಹತ್ತಿರ ರೆಕ್ಕೆ ಸ್ವಲ್ಪ ಕೆಳಕ್ಕೆ ಬಾಗಿರುತ್ತದೆ. ಕುಲ ಗುರುತಿಸುವುದೇ ತಲೆನೋವು. ಬಣ್ಣ ನಂಬುವಂತಿಲ್ಲ, ಒಂದೇ ಪ್ರಭೇದದಲ್ಲೂ ಹಸಿರು, ಕಂದು ಇರಬಹುದು. ಗಂಡು ಹುಳದ ಜನನಾಂಗ ಬಿಡಿಸಿ, ಕ್ಷಾರದಲ್ಲಿ ಹಾಕಿ ಮೆತ್ತಗೆ ಮಾಡಿ, ಒಳಗಿನ ಗಟ್ಟಿ ಮುಳ್ಳು, ಪಟ್ಟಿಗಳ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಡೆಲ್ಫೊಕೋರಿಸ್, ಕ್ರಿಯಾಂಟಿಯಾಡೀಸ್, ಮೆಗಾಸೀಲಮ್ ಹೊರಗಿನಿಂದ ತುಂಬಾ ಹೋಲುವ ಕುಲಗಳು. ಶೆರೋ ಮತ್ತು ಮಲಿಪಾಟೀಲ್ ಎಂಬ ತಜ್ಞರು 2016ರಲ್ಲಿ ಇವನ್ನೆಲ್ಲ ಒಟ್ಟಿಗೆ ಇಟ್ಟುಕೊಂಡು ಮತ್ತೆ ಪರಿಶೀಲಿಸಿದರು.

ಹೆಸರು ಏನಾದರೇನು, ಮೊಗ್ಗು ಉದುರುವುದು ನಿಲ್ಲುತ್ತದೆಯೇ ಅಂತ ರೈತರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಹೊಸ ಪೀಡೆ ಬಂದಾಗ ಮೊದಲು ನೋಡುವುದು ಅದರ ಬಂಧುಗಳನ್ನು, ಅಲ್ವಾ? ಆಸ್ಟ್ರೇಲಿಯಾದ ಹತ್ತಿಯಲ್ಲಿ ಕ್ರಿಯಾಂಟಿಯಾಡೀಸ್ ಡೈಲ್ಯೂಟಸ್ ಎಂಬ ಹಸಿರು ಮಿರಿಡ್ ಇದೆ. ಅದರ ಬಗ್ಗೆ ಅಲ್ಲಿ ಸಾಕಷ್ಟು ಅಧ್ಯಯನ ಆಗಿದೆ. ಒಂದೇ ಕುಲ ಅಂದಾಗ ಅಲ್ಲಿನ ಲೆಕ್ಕ ಇಲ್ಲಿಗೂ ಹೊಂದೀತು ಅನ್ನಿಸುವುದು ಸಹಜ. ಕುಲ ಬೇರೆ ಅಂದ ಮೇಲೆ ಆ ನಂಬಿಕೆ ಸಡಿಲವಾಗುತ್ತದೆ. ನಮ್ಮ ಹೊಲದಲ್ಲಿ ನಾವೇ ನೋಡಿ ತಿಳಿಯಬೇಕು.

ಪೂರ್ತಿ ಕುಟುಂಬವನ್ನೇ ಶತ್ರು ಅನ್ನುವಂತೆಯೂ ಇಲ್ಲ. ಭತ್ತದ ಗದ್ದೆಯಲ್ಲಿ ಜಿಗಿಹುಳುವಿನ ಮೊಟ್ಟೆ ಹೀರಿ ಬದುಕುವ ಸರ್ಟೊರೈನಸ್ ಕೂಡ ಮಿರಿಡ್ಡೇ. ಹಾನಗಲ್ ಕಡೆಯ ಭತ್ತದವರು ಅದನ್ನು ಕಂಡರೆ ಔಷಧಿ ಹೊಡೆಯುವ ಆತುರ ಬೇಡ.