ಕಾಲಿನ ಹೆಪ್ಪು ಶ್ವಾಸಕೋಶಕ್ಕೇ ಹೋಗುವುದೇಕೆ?

ಡಿವಿಟಿ (ಆಳದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವುದು) ಒಂದು ಪಾಠ, ಪಲ್ಮನರಿ ಎಂಬಾಲಿಸಂ (ಹೆಪ್ಪು ಶ್ವಾಸಕೋಶದ ನಾಳದಲ್ಲಿ ಸಿಕ್ಕಿಕೊಳ್ಳುವುದು) ಇನ್ನೊಂದು ಪಾಠ ಎಂದು ಓದಿದಷ್ಟು ದಿನ ನನಗೆ ಎರಡೂ ತಲೆಗೆ ಹತ್ತಲಿಲ್ಲ. ಚಿತ್ರದ ಮೇಲೆ ಬೆರಳಿಟ್ಟು ಹೆಪ್ಪು ಸಾಗುವ ದಾರಿ ಹಿಡಿದ ಮೇಲೆ ಎರಡೂ ಒಂದೇ ಕಾಯಿಲೆ ಎಂದು ಹೊಳೆಯಿತು. ನೀವೂ ಹಾಗೇ ಮಾಡಿ.

ಮೀನಖಂಡದ ಆಳದ ಅಭಿಧಮನಿಯಿಂದ ಹೊರಡಿ. ಮಂಡಿಯ ಹಿಂಭಾಗ, ತೊಡೆ, ಸೊಂಟ, ಕೆಳ ಮಹಾಭಿಧಮನಿ, ಹೃದಯದ ಬಲಭಾಗ. ಇಲ್ಲಿಯವರೆಗೆ ದಾರಿ ಅಗಲವಾಗುತ್ತಲೇ ಬರುತ್ತದೆ. ಕಳಚಿ ಬಂದ ಹೆಪ್ಪಿಗೆ ತಡೆಯಿಲ್ಲ. ಶ್ವಾಸಕೋಶಕ್ಕೆ ಹೋಗುವ ಪಲ್ಮನರಿ ಅಪಧಮನಿ ಹೊಕ್ಕ ಮೇಲೆ ಕವಲೊಡೆದು ಕಿರಿದಾಗುತ್ತದೆ, ಸಿಕ್ಕಿಕೊಳ್ಳುವುದು ಅಲ್ಲೇ. ಮಿದುಳಿಗೆ ಹೋಗಲು ಅದು ಈ ಜರಡಿ ದಾಟಬೇಕು. ಹೃದಯದ ಮೇಲಿನ ಎರಡು ಕೋಣೆಗಳ ನಡುವೆ ರಂಧ್ರ ಉಳಿದವರಲ್ಲಿ ಅಡ್ಡದಾರಿ ಇರುತ್ತದೆ.

ಹೆಪ್ಪು ಹುಟ್ಟುವುದಕ್ಕೆ ಮೂರು ಕಾರಣ, ವಿರ್ಕೋ ಎಂಬ ವೈದ್ಯನ ಹೆಸರಿನಲ್ಲಿ: ರಕ್ತ ನಿಧಾನವಾಗುವುದು, ನಾಳದ ಒಳಗೋಡೆಗೆ ಪೆಟ್ಟು, ರಕ್ತಕ್ಕೇ ಹೆಪ್ಪುಗಟ್ಟುವ ಒಲವು ಹೆಚ್ಚುವುದು. ಹೆಪ್ಪು ಹಾಕಿದ ಹಾಲಿನ ಪಾತ್ರೆಯನ್ನು ಅಲುಗಾಡಿಸಬಾರದು ಎನ್ನುತ್ತಾರಲ್ಲ, ಮೊದಲನೆಯದನ್ನು ಹಾಗೆ ನೆನಪಿಡಿ. ಸೊಂಟದ ಮೂಳೆ ಮುರಿದು ಮಲಗಿದವರಲ್ಲಿ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ಹಿಂಡುವುದೇ ಇಲ್ಲ. ಕವಾಟಗಳ ಮರೆಯಲ್ಲಿ ನಿಂತ ರಕ್ತ ಮೊದಲು ಗಟ್ಟಿಯಾಗುತ್ತದೆ. ಗರ್ಭಿಣಿಯರಲ್ಲಿ ಎಡಗಾಲೇ ಹೆಚ್ಚು, ಏಕೆಂದರೆ ಸೊಂಟದ ಎಡ ಇಲಿಯಾಕ್ ಅಭಿಧಮನಿಯ ಮೇಲೆ ಬಲ ಇಲಿಯಾಕ್ ಅಪಧಮನಿ ಅಡ್ಡ ಹಾಯ್ದು ಅದನ್ನು ಅದುಮುತ್ತದೆ.

ಪರೀಕ್ಷಿಸುವಾಗ ಕಣ್ಣಂದಾಜು ಸಾಲದು, ಟೇಪ್ ಹಿಡಿಯಿರಿ. ಮಂಡಿಯ ಕೆಳಗಿನ ಮೂಳೆಯ ಉಬ್ಬಿನಿಂದ 10 ಸೆಂ.ಮೀ. ಕೆಳಗೆ ಎರಡೂ ಕಾಲು ಅಳೆಯಿರಿ. ವ್ಯತ್ಯಾಸ 3 ಸೆಂ.ಮೀ. ಮೀರಿದರೆ ಡಿವಿಟಿಯ ಶಂಕೆ ಎಷ್ಟೆಂದು ಅಂಕ ಕೂಡಿಸಿ ಹೇಳುವ ವೆಲ್ಸ್ ಲೆಕ್ಕದಲ್ಲಿ ಒಂದು ಅಂಕ. ಅಲ್ಟ್ರಾಸೌಂಡಿನಲ್ಲಿ ನೋಡುವುದು ಇನ್ನೂ ಸರಳ: ಪ್ರೋಬ್ ಒತ್ತಿದಾಗ ಆರೋಗ್ಯವಂತ ಅಭಿಧಮನಿ ಚಪ್ಪಟೆಯಾಗಿ ಮಾಯವಾಗುತ್ತದೆ, ಹೆಪ್ಪಿದ್ದರೆ ಗುಂಡಗೇ ಉಳಿಯುತ್ತದೆ. ರಕ್ತಪರೀಕ್ಷೆಯಲ್ಲಿ ಡಿ-ಡೈಮರ್ (ಹೆಪ್ಪು ಕರಗುವಾಗ ಬರುವ ಚೂರು) ಹೆಚ್ಚಿದೆ ಎಂದ ಮಾತ್ರಕ್ಕೆ ಡಿವಿಟಿ ಎನ್ನಬೇಡಿ. ಸೋಂಕು, ಬಸಿರು, ಶಸ್ತ್ರಚಿಕಿತ್ಸೆಯಲ್ಲೂ ಅದು ಏರುತ್ತದೆ. ಶಂಕೆ ಕಡಿಮೆಯಿದ್ದವರಲ್ಲಿ ರೋಗ ಇಲ್ಲವೆನ್ನಲು ಅದು ಉಪಯೋಗಿ.

ಕಾಲು ಊದದೆಯೂ ಎಂಬಾಲಿಸಂ ಬರಬಹುದು. ಇದ್ದಕ್ಕಿದ್ದಂತೆ ಏದುಸಿರು, ಉಸಿರೆಳೆದಾಗ ಎದೆನೋವು, ನಾಡಿಯ ಓಟ ಕಂಡರೆ ಕಾಲು ನೋಡಿ ಸಮಾಧಾನಪಡಬೇಡಿ. ಇಸಿಜಿಯಲ್ಲೂ ಸಾಮಾನ್ಯವಾಗಿ ಕಾಣುವುದು ವೇಗದ ಬಡಿತವೇ.

ಚಿಕಿತ್ಸೆಗೆ ಕೊಡುವ ಹೆಪಾರಿನ್ ಹೆಪ್ಪನ್ನು ಕರಗಿಸುವುದಿಲ್ಲ. ಬೆಳೆಯದಂತೆ ತಡೆಯುತ್ತದೆ ಅಷ್ಟೆ. ಕರಗಿಸುವ ಕೆಲಸ ದೇಹದ್ದೇ ಆದ ಪ್ಲಾಸ್ಮಿನ್ ಎಂಬ ಕಿಣ್ವದ್ದು. ಅದಕ್ಕೆ ಕಾಲಾವಕಾಶ ಬೇಕು. ಊತ ಇಳಿಯಿತೆಂದು ರೋಗಿ ಎರಡೇ ವಾರಕ್ಕೆ ಹೆಪ್ಪು ತಡೆಯುವ ಮಾತ್ರೆ ಬಿಡಲು ಹೊರಟರೆ, ಕನಿಷ್ಠ 3 ತಿಂಗಳು ಏಕೆ ಬೇಕೆಂದು ಹೀಗೇ ಬಿಡಿಸಿ ಹೇಳಿ.