ದಾನಪತ್ರದ ಮುದ್ರಾಂಕ, ಶಾಸಕರ ಮೌನ

ತುಮಕೂರಿನಲ್ಲಿ 30 ಲಕ್ಷ ರೂಪಾಯಿ ಬೆಲೆಬಾಳುವ ಸೈಟನ್ನು ಹೆಂಡತಿಯ ಹೆಸರಿಗೆ ದಾನಪತ್ರ ಮಾಡಿಸಿದರೆ ಮುದ್ರಾಂಕಕ್ಕೆ ಹೋಗುವುದು ಕೆಲವೇ ಸಾವಿರ. ಅದೇ ಸೈಟನ್ನು ಹದಿನೈದು ವರ್ಷ ಒಂದೇ ಸೂರಿನಡಿ ಬಾಳಿದ ಸಲಿಂಗ ಸಂಗಾತಿಗೆ ಕೊಟ್ಟರೆ ಶೇಕಡಾ 5ರ ಲೆಕ್ಕದಲ್ಲಿ 1.5 ಲಕ್ಷ. ಸೆಸ್ಸು, ಸರ್‌ಚಾರ್ಜು, ನೋಂದಣಿ ಶುಲ್ಕ ಬೇರೆ. 1957ರ ಕರ್ನಾಟಕ ಮುದ್ರಾಂಕ ಕಾಯ್ದೆಯ ಅನುಸೂಚಿಯಲ್ಲಿ ಕುಟುಂಬ ಎಂದರೆ ಯಾರು ಯಾರು ಎಂಬ ಪಟ್ಟಿಯಿದೆ. ಗಂಡ, ಹೆಂಡತಿ, ಮಕ್ಕಳು, ಸೊಸೆ, ಒಡಹುಟ್ಟಿದವರು ಎಲ್ಲ ಅದರಲ್ಲಿದ್ದಾರೆ. ಸಂಗಾತಿ ಇಲ್ಲ. ಹಾಗಾಗಿ ಅವರು ಹೊರಗಿನವರು.

ಈ ಪಟ್ಟಿಯನ್ನು ತಿದ್ದಬೇಕಾದದ್ದು ದೆಹಲಿಯಲ್ಲ, ನಮ್ಮ ವಿಧಾನಮಂಡಲ. ಸಲಿಂಗಿಗಳ ಹಕ್ಕಿನ ಮಾತೆತ್ತಿದ ಕೂಡಲೇ ‘ಅದು ಸೆಂಟ್ರಲ್‌ನವರ ವಿಷಯ’ ಎಂದು ಜಾರಿಕೊಳ್ಳುವ ಶಾಸಕರಿಗೆ ಮೊದಲು ಇದನ್ನೇ ಕೇಳಬೇಕು. ನಮ್ಮ ಜಿಲ್ಲೆಯೊಂದರಲ್ಲೇ 11 ಕ್ಷೇತ್ರಗಳಿವೆ. ಮದುವೆ ಕೂಡ ಕೇಂದ್ರದ ಸ್ವತ್ತಲ್ಲ, ಕೇಂದ್ರವೂ ರಾಜ್ಯವೂ ಕಾನೂನು ಮಾಡಬಹುದಾದ ವಿಷಯಗಳಿರುವ ಸಂವಿಧಾನದ ಸಮವರ್ತಿ ಪಟ್ಟಿಯ 5ನೇ ನಮೂದಿನಲ್ಲಿದೆ. ರಾಜ್ಯದ ಕಾನೂನು ಕೇಂದ್ರದ ಕಾನೂನಿಗೆ ಎದುರು ನಿಂತರೆ 254(2)ನೇ ವಿಧಿಯಂತೆ ರಾಷ್ಟ್ರಪತಿಗಳ ಅಂಕಿತ ಬೇಕಾಗುತ್ತದೆ, ಅದು ಸುಲಭದ ಮಾತಲ್ಲ ನಿಜ. ಆದರೆ 2024ರಲ್ಲಿ ಉತ್ತರಾಖಂಡ ಮದುವೆಗೂ ಲಿವ್‌-ಇನ್‌ಗೂ ತನ್ನದೇ ಕಾನೂನು ಮಾಡಿಕೊಂಡಿತಲ್ಲ. ಅದು ಗಂಡು-ಹೆಣ್ಣಿನ ಜೋಡಿಗೆ ಮಾತ್ರ ಎಂಬುದು ಬೇರೆ ಮಾತು.

ಹಾಗಾದರೆ ರಾಜಕಾರಣಿಗಳ ಮನಸ್ಸು ಬದಲಾಗಿಯೇ ಇಲ್ಲವೇ? ಬದಲಾಗಿದೆ, ಆದರೆ ಅದನ್ನು ಭಾಷಣದಲ್ಲಿ ಅಳೆಯಬಾರದು, ಕಾಗದದಲ್ಲಿ ಅಳೆಯಬೇಕು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವೆನ್ನುತ್ತಿದ್ದ ಭಾರತೀಯ ದಂಡ ಸಂಹಿತೆಯ 377ನೇ ಸೆಕ್ಷನ್ನನ್ನು ಎತ್ತಿಹಿಡಿದಾಗ, ಆಗ ಬಿಜೆಪಿ ಅಧ್ಯಕ್ಷರಾಗಿದ್ದ ರಾಜನಾಥ್ ಸಿಂಗ್ ಸೆಕ್ಷನ್ನಿನ ಪರ ನಿಂತರು, ಸೋನಿಯಾ ಗಾಂಧಿ ತೀರ್ಪಿನ ಬಗ್ಗೆ ಬೇಸರಪಟ್ಟರು. 2015ರ ಕೊನೆಗೆ ಬಿಜೆಪಿ ಸರ್ಕಾರದ ಸಚಿವ ಅರುಣ್ ಜೇಟ್ಲಿಯವರೇ ತೀರ್ಪನ್ನು ಮತ್ತೆ ನೋಡಬೇಕು ಎಂದರು. ಅದಾಗಿ ಕೆಲವೇ ವಾರಗಳಲ್ಲಿ, ಡಿಸೆಂಬರ್ 18ರ ಶುಕ್ರವಾರ, ಕಾಂಗ್ರೆಸ್ಸಿನ ಶಶಿ ತರೂರ್ ಲೋಕಸಭೆಯಲ್ಲಿ ಆ ಸೆಕ್ಷನ್ನನ್ನು ತಿದ್ದುವ ಖಾಸಗಿ ಮಸೂದೆ (ಮಂತ್ರಿಯಲ್ಲದ ಸದಸ್ಯರು ತರುವ ಮಸೂದೆ) ಹಿಡಿದು ಎದ್ದರು. ಖಾಸಗಿ ಮಸೂದೆಯನ್ನು ಮಂಡಿಸುವುದಕ್ಕೆ ಸಾಮಾನ್ಯವಾಗಿ ಯಾರೂ ಅಡ್ಡ ಬರುವುದಿಲ್ಲ. ಮಂಡಿಸುತ್ತಾರೆ, ಅದು ಕಪಾಟು ಸೇರುತ್ತದೆ. ಇದನ್ನು ಮಾತ್ರ ಮಂಡಿಸುವ ಹಂತದಲ್ಲೇ 71–24 ಮತಗಳಿಂದ ಬೀಳಿಸಿದರು. ಆ 71 ಎಲ್ಲರ ಕಣ್ಣಿಗೂ ಬೀಳುತ್ತದೆ. 24ನ್ನೂ ನೋಡಿ. 2014ರಲ್ಲಿ ಕಾಂಗ್ರೆಸ್ಸಿನಿಂದ ಗೆದ್ದು ಬಂದವರೇ 44 ಮಂದಿ ಇದ್ದರು. ಮೂರು ತಿಂಗಳ ನಂತರ ಮತ್ತೆ ಪ್ರಯತ್ನಿಸಿದಾಗ 58–14.

ಶಿವಮೊಗ್ಗ ಜಿಲ್ಲೆಯವರೇ ಆದ ಆರೆಸ್ಸೆಸ್‌ನ ದತ್ತಾತ್ರೇಯ ಹೊಸಬಾಳೆ 2016ರಲ್ಲಿ ಸಲಿಂಗಕಾಮ ಅಪರಾಧವಲ್ಲ ಎಂದರು. ಬೆನ್ನಿಗೇ, ಅದು ಅನೈತಿಕ, ಸಲಿಂಗ ಮದುವೆ ಕೂಡದು ಎಂದೂ ಸೇರಿಸಿದರು. ಇವತ್ತು ಹೆಚ್ಚಿನ ಪಕ್ಷಗಳು ನಿಂತಿರುವುದು ಹೆಚ್ಚುಕಡಿಮೆ ಈ ಗೆರೆಯ ಮೇಲೆಯೇ: ಜೈಲೂ ಬೇಡ, ಮದುವೆಯೂ ಬೇಡ. 2018ರಲ್ಲಿ ಕೇಂದ್ರ ಸರ್ಕಾರ 377ರ ಪ್ರಶ್ನೆಯನ್ನು ಕೋರ್ಟಿನ ವಿವೇಚನೆಗೆ ಬಿಟ್ಟು ಸುಮ್ಮನಾಯಿತು. ಕೋರ್ಟ್ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧ ಅಪರಾಧವಲ್ಲ ಎಂದು ಹೇಳಿ ಆ ಕೆಲಸ ಮುಗಿಸಿಕೊಟ್ಟಿತು, ಯಾರ ಓಟೂ ಹೋಗಲಿಲ್ಲ. 2023ರಲ್ಲಿ ಮದುವೆಯ ಅರ್ಜಿಗಳು ಬಂದಾಗ ಅದೇ ಸರ್ಕಾರ ಇದು ನಗರದ ಗಣ್ಯರ ವಿಚಾರ ಎಂದು ವಿರೋಧಿಸಿತು. ಅಭಿಪ್ರಾಯ ತಿಳಿಸಿದ ಏಳು ರಾಜ್ಯಗಳಲ್ಲಿ ಮೂರು ಬೇಡವೆಂದವು: ಅಸ್ಸಾಂ, ಆಂಧ್ರ, ರಾಜಸ್ಥಾನ. ರಾಜಸ್ಥಾನದಲ್ಲಿ ಆಗ ಇದ್ದದ್ದು ಕಾಂಗ್ರೆಸ್ ಸರ್ಕಾರ. ಮರುವರ್ಷ ಅದೇ ಪಕ್ಷದ ಪ್ರಣಾಳಿಕೆ, ವ್ಯಾಪಕ ಸಮಾಲೋಚನೆ ನಡೆಸಿ ಇಂಥ ಜೋಡಿಗಳ ಸಿವಿಲ್ ಯೂನಿಯನ್‌ಗೆ (ಮದುವೆ ಎನ್ನದೆ ಕಾನೂನು ಒಪ್ಪುವ ಜೋಡಿ ಸಂಬಂಧಕ್ಕೆ) ಮಾನ್ಯತೆ ಕೊಡುವ ಕಾನೂನು ತರುತ್ತೇವೆ ಎಂದಿತು. ‘ಸಮಾಲೋಚನೆ ನಡೆಸಿ’ ಎಂಬ ಮಾತಿಗೆ ಗಡುವಿಲ್ಲ. ಕರ್ನಾಟಕದಲ್ಲಿ 2023ರಿಂದ ಆಳುತ್ತಿರುವುದೂ ಅವರೇ, ಮುದ್ರಾಂಕ ಕಾಯ್ದೆಯ ಪಟ್ಟಿಗಾದರೂ ಸಂಗಾತಿಯನ್ನು ಸೇರಿಸಬಹುದಿತ್ತು.

ಸಲಿಂಗ ಮದುವೆಗೆ ಮಾನ್ಯತೆ ಕೊಡಲು ಸುಪ್ರೀಂ ಕೋರ್ಟ್ ಒಪ್ಪದ 2023ರ ಅಕ್ಟೋಬರ್ 17ರ ತೀರ್ಪಿನ ಬಳಿಕ ಕೈಗೆ ಸಿಕ್ಕಿದ್ದು ಇಷ್ಟು: ಸಂಗಾತಿಯ ಜೊತೆ ಜಂಟಿ ಬ್ಯಾಂಕ್ ಖಾತೆ ತೆರೆಯಲು, ಅವರನ್ನೇ ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು 2024ರ ಆಗಸ್ಟ್‌ನಲ್ಲಿ ಕೇಂದ್ರ ಹಣಕಾಸು ಇಲಾಖೆ ಸ್ಪಷ್ಟಪಡಿಸಿತು. ಪಡಿತರ ಚೀಟಿಗೆ ಇಬ್ಬರನ್ನೂ ಒಂದೇ ಮನೆಯವರೆಂದು ಪರಿಗಣಿಸಿ ಎಂದು ರಾಜ್ಯಗಳಿಗೆ ಪತ್ರವೂ ಹೋಯಿತು. ಆದರೆ ಚೀಟಿ ಕೊಡುವುದು ರಾಜ್ಯದ ಆಹಾರ ಇಲಾಖೆ. ಪಾವಗಡದಲ್ಲೋ ಶಿರಾದಲ್ಲೋ ಅರ್ಜಿ ಹಾಕುವವರು ಪತ್ರದ ಪ್ರತಿ ಇಟ್ಟುಕೊಂಡು ಹೋಗುವುದು ಒಳ್ಳೆಯದು, ಬಾಯಿಮಾತಿಗೆ ಫೈಲು ಕದಲುವುದಿಲ್ಲ.

ನಾಮಿನಿ ಮಾಡಿಸಿದೆವಲ್ಲ ಎಂದು ನಿಶ್ಚಿಂತರಾಗುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಬ್ಯಾಂಕಿನ ನಾಮಿನಿ ಹಣ ಪಡೆಯುವವರಷ್ಟೇ, ಒಡೆಯರಲ್ಲ. ಉಯಿಲಿಲ್ಲದಿದ್ದರೆ ಅಣ್ಣತಮ್ಮಂದಿರು ವಾರಸುದಾರರಾಗಿ ಬಂದು ಕೇಳಬಹುದು. ಉಯಿಲಿಗೆ ಮುದ್ರಾಂಕ ಶುಲ್ಕವಿಲ್ಲ, ಇಬ್ಬರು ಸಾಕ್ಷಿಗಳ ಸಹಿ ಕಡ್ಡಾಯ, ನೋಂದಣಿ ಐಚ್ಛಿಕ. ಆಸ್ತಿ ಪಡೆಯುವ ಸಂಗಾತಿಯನ್ನೇ ಸಾಕ್ಷಿ ಮಾಡಬೇಡಿ. ಸಾಕ್ಷಿಗಳು ನಿಮಗಿಂತ ಚಿಕ್ಕ ವಯಸ್ಸಿನವರಾಗಿರಲಿ, ನಾಳೆ ಕೋರ್ಟಿಗೆ ಬಂದು ಹೇಳಬೇಕಾದವರು ಅವರೇ. ಹಿಂದೂ ಅವಿಭಕ್ತ ಕುಟುಂಬದ ಜಮೀನಾದರೆ ನಿಮ್ಮ ಪಾಲನ್ನಷ್ಟೇ ಬರೆಯಬಹುದು, ಉಳಿದವರ ಪಾಲು ಬರೆದರೆ ಅಷ್ಟರ ಮಟ್ಟಿಗೆ ಅದು ನಿಲ್ಲದು.

ನೋಂದಣಿಗೆ ಹೋದರೆ ಊರಿಗೆಲ್ಲ ಗೊತ್ತಾದೀತು ಎಂಬ ಅಳುಕು ಸಣ್ಣ ಊರುಗಳಲ್ಲಿ ಸಹಜ. ಅಂಥವರಿಗೆ 1908ರ ನೋಂದಣಿ ಕಾಯ್ದೆಯ 42ನೇ ಸೆಕ್ಷನ್ ಇದೆ, ಬಳಸುವವರೇ ಕಡಿಮೆ. ಉಯಿಲನ್ನು ಲಕೋಟೆಯಲ್ಲಿಟ್ಟು ಮುದ್ರೆ ಒತ್ತಿ, ಮೇಲೆ ನಿಮ್ಮ ಹೆಸರು ಮತ್ತು ಅದು ಉಯಿಲು ಎಂದಷ್ಟೇ ಬರೆದು, ಜಿಲ್ಲಾ ನೋಂದಣಾಧಿಕಾರಿಯ ಬಳಿ ಠೇವಣಿ ಇಡಬಹುದು. ಅವರು ಒಡೆದು ಓದುವುದಿಲ್ಲ. ದಾಖಲಿಸಿಕೊಂಡು ಬೆಂಕಿ ತಾಗದ ಪೆಟ್ಟಿಗೆಯಲ್ಲಿ ಇಡುತ್ತಾರೆ. ಇಟ್ಟವರು ತೀರಿಕೊಂಡ ಮೇಲೆ, ಅರ್ಜಿ ಹಾಕಿದವರ ಎದುರೇ ತೆರೆಯುತ್ತಾರೆ. ಅರ್ಜಿ ಹಾಕಬೇಕಾದವರಿಗೆ ಅಲ್ಲೊಂದು ಲಕೋಟೆ ಇದೆ ಎಂಬುದು ಗೊತ್ತಿರಬೇಕು. ಇಟ್ಟ ದಿನವೇ ಸಂಗಾತಿಗೆ ಹೇಳಿಬಿಡಿ.