ನಾಯಿಯ ಬೇಸಿಗೆ ಇರುವುದು ಮೂಗಿನಲ್ಲಿ

ನಮ್ಮ ಬೀದಿಯಲ್ಲಿ ಯಾರೋ ಮನೆ ಕಟ್ಟಿಸುತ್ತಿದ್ದಾರೆ. ಗೋಡೆ ಪಕ್ಕ ಮರಳಿನ ರಾಶಿ ಬಿದ್ದಿದೆ. ಮಧ್ಯಾಹ್ನದ ಹೊತ್ತಿಗೆ ಒಂದು ಕಂದು ಬೀದಿನಾಯಿ ಬಂದು, ನೆರಳಿರುವ ಕಡೆ ಮುಂಗಾಲಿನಿಂದ ಪರಪರ ಕೆರೆಯುತ್ತದೆ. ಕೆಳಗಿನ ತೇವದ ಮರಳು ಸಿಕ್ಕಿದ ಮೇಲೆ ಅದಕ್ಕೆ ಹೊಟ್ಟೆ ಆನಿಸಿ ಮಲಗುತ್ತದೆ. ಹೊಟ್ಟೆ, ತೊಡೆಸಂದಿಯಲ್ಲಿ ಕೂದಲು ಕಮ್ಮಿ, ಮೈಯ ಬಿಸಿ ಅಲ್ಲಿಂದ ಬೇಗ ಇಳಿಯುತ್ತದೆ. ಮೇಸ್ತ್ರಿ ಓಡಿಸಿದರೆ ಹತ್ತೇ ನಿಮಿಷ, ಮತ್ತೆ ಹಾಜರ್.

ನಮಗೆ ಮೈಯೆಲ್ಲ ಬೆವರುತ್ತದೆ. ನಾಯಿಗೆ ಹಾಗೆ ಬೆವರುವುದು ಅಂಗಾಲಿನಲ್ಲಿ ಮಾತ್ರ. ಅದರಿಂದ ಆಗುವ ತಂಪು ಲೆಕ್ಕಕ್ಕಿಲ್ಲ. ನಿಜವಾದ ಕೆಲಸ ನಡೆಯುವುದು ಮೂಗು, ಬಾಯಿಯಲ್ಲಿ. ಮೂಗಿನೊಳಗೆ ಸುರುಳಿ ಸುತ್ತಿದ ತೆಳ್ಳನೆಯ ಎಲುಬುಗಳಿವೆ, ಅವುಗಳ ಮೇಲೆ ಒದ್ದೆ ಪೊರೆ. ತೇಕುವಾಗ ಆ ತೇವ ಆವಿಯಾಗಿ, ರಕ್ತದ ಬಿಸಿಯನ್ನೂ ಜೊತೆಗೆ ಒಯ್ಯುತ್ತದೆ. ಮಡಕೆಯ ನೀರು ತಣ್ಣಗಾಗುತ್ತದಲ್ಲ, ಹಾಗೇ. ಸುಮ್ನೆ ಮಲಗಿದ್ದಾಗ ನಿಮಿಷಕ್ಕೆ 20–30 ಸಲ ಉಸಿರಾಡುವ ನಾಯಿ, ತೇಕುವಾಗ 300ರ ತನಕ ಹೋಗುತ್ತದೆ. ಅಷ್ಟು ಎದೆ ಕುಣಿಸಿದರೆ ಮೈ ಇನ್ನೂ ಬಿಸಿಯಾಗಬೇಕು, ಅಲ್ವಾ? ಆಗುವುದಿಲ್ಲ. ಎದೆಗೂಡು ಸ್ಪ್ರಿಂಗಿನಂತೆ ತಾನಾಗಿ ಪುಟಿಯುವ ಒಂದು ಲಯವಿದೆ, ನಾಯಿ ಆ ಲಯದಲ್ಲೇ ತೇಕುತ್ತದೆ. ಉಯ್ಯಾಲೆ ಹಿಂದಕ್ಕೆ ಬಂದಾಗ ಬೆರಳಲ್ಲಿ ತಳ್ಳಿದರೂ ಸಾಕಲ್ಲ, ಅದೇ ಉಪಾಯ.

ಗಾಳಿಯಲ್ಲೇ ತೇವ ತುಂಬಿದ್ದರೆ ಮಾತ್ರ ಈ ಉಪಾಯ ನಡೆಯುವುದಿಲ್ಲ. ರಾಯಚೂರಿನ 40 ಡಿಗ್ರಿಯಲ್ಲಿ ನೆರಳು, ನೀರು ಇದ್ದರೆ ಹೇಗೋ ಸುಧಾರಿಸಿಕೊಳ್ಳುವ ನಾಯಿ, ಮಂಗಳೂರಿನ 34 ಡಿಗ್ರಿಯ ಸೆಕೆಗೆ ಒದ್ದಾಡಬಹುದು. ಮೂತಿಯ ಉದ್ದವೂ ಮುಖ್ಯ. ಮುಧೋಳ ನಾಯಿಯನ್ನು ನೋಡಿ: ಉದ್ದ ಮೂತಿ, ಸಪೂರ ಮೈ, ಗಿಡ್ಡ ಕೂದಲು. ಪಗ್‌ಗೆ ಮೂತಿಯೇ ಇಲ್ಲ, ಮೂಗಿನ ಹೊಳ್ಳೆಯೂ ಕಿರಿದು. ಮೊಬೈಲ್ ಜಾಹೀರಾತು ನೋಡಿ ಪಗ್ ತಂದವರಿಗೆ ಇದನ್ನೆಲ್ಲ ಯಾರು ಹೇಳಿದ್ದರು? ಹಸ್ಕಿಯ ಕೂದಲು ಬೋಳಿಸಿ ಉಪಕಾರ ಮಾಡಲು ಹೋಗಬೇಡಿ. ಆ ಕೂದಲು ಬಿಸಿಲನ್ನೂ ತಡೆಯುತ್ತದೆ. ಸತ್ತ ಒಳಕೂದಲನ್ನು ಬಾಚಿ ತೆಗೆದರೆ ಸಾಕು.

ಸಂಜೆ ಐದಕ್ಕೆ ಬಿಸಿಲು ಇಳಿದಂತೆ ಕಂಡರೂ ಟಾರು ರಸ್ತೆ ಕಾದೇ ಇರುತ್ತದೆ. ಅಂಗೈ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸಿ. ತಡೆಯಲಾಗದಿದ್ದರೆ ನಾಯಿಗೂ ತಡೆಯುವುದಿಲ್ಲ. ಕಾರಿನಲ್ಲಂತೂ ಐದು ನಿಮಿಷಕ್ಕೂ ಬಿಟ್ಟು ಹೋಗಬೇಡಿ. ಕಿಟಕಿ ನಾಲ್ಕು ಬೆರಳು ಇಳಿಸಿದರೆ ಏನೂ ಉಪಯೋಗವಿಲ್ಲ.

ನಮ್ಮ ಲ್ಯಾಬ್ರಡಾರ್ ಒಮ್ಮೆ ಚೆಂಡಾಟ ಆಡಿ ಬಂದು ಕುಸಿಯಿತು. ಜೊಲ್ಲು ಅಂಟಂಟು, ವಸಡು ಕಡುಕೆಂಪು, ಹಿಂಗಾಲು ತೂರಾಡುತ್ತಿತ್ತು. ನಾವು ಗಾಬರಿಯಲ್ಲಿ ಒದ್ದೆ ಟವೆಲ್ ಹೊದಿಸಿದೆವು. ಅದು ತಪ್ಪು. ಟವೆಲ್ ಬೇಗ ಬೆಚ್ಚಗಾಗಿ ಕಂಬಳಿಯ ಹಾಗೆ ಬಿಸಿಯನ್ನು ಒಳಗೇ ಹಿಡಿದಿಡುತ್ತದೆ. ನಲ್ಲಿ ನೀರನ್ನು ಮೈಮೇಲೆ ಬಿಡದೆ ಸುರಿಯುತ್ತಾ ಫ್ಯಾನ್ ಹಾಕಬೇಕು. ಬಾಯಿಗೆ ಬಲವಂತವಾಗಿ ನೀರು ಹೊಯ್ಯಬಾರದು. ನಾಯಿಯ ಮೈ ಮಾಮೂಲಾಗಿ 38ರಿಂದ 39 ಡಿಗ್ರಿ ಇರುತ್ತದೆ, 41 ದಾಟಿದರೆ ಅಪಾಯ. ಹಾಗಾಗಿ ಮೊದಲು ತಣಿಸಿ, ಆಮೇಲೆ ಆಟೋ ಹಿಡಿಯಿರಿ. ನಾಯಿ ಎದ್ದು ಬಾಲ ಅಲ್ಲಾಡಿಸಿದರೂ ಡಾಕ್ಟರಿಗೆ ತೋರಿಸಲೇಬೇಕು. ಕಿಡ್ನಿಗೆ ಬಿದ್ದ ಪೆಟ್ಟು ಒಂದೆರಡು ದಿನ ಬಿಟ್ಟು ಕಾಣಿಸಿಕೊಳ್ಳುವುದುಂಟು.